ಸೆರ್ಗೈ ಬೊಂದಾರ್ಚುಕ್: ಸಾವಿರಾರು ಸೈನಿಕರ ನಡುವಿನ ಒಂದು ಮುಖ

ಸೋವಿಯತ್ ನಟ, ನಿರ್ದೇಶಕ ಸೆರ್ಗೈ ಬೊಂದಾರ್ಚುಕ್ ಅವರ ಹೆಸರು ಬಂದೊಡನೆ ಮಾತು ಲೆಕ್ಕಕ್ಕೆ ಇಳಿಯುತ್ತದೆ. ಟಾಲ್‌ಸ್ಟಾಯ್ ಕಾದಂಬರಿಯನ್ನು ಆಧರಿಸಿದ ‘ಯುದ್ಧ ಮತ್ತು ಶಾಂತಿ’ ಚಿತ್ರಕ್ಕೆ ಎಷ್ಟು ಸಾವಿರ ಸೈನಿಕರು ಬಂದಿದ್ದರು, ಎಷ್ಟು ಕುದುರೆಗಳಿದ್ದವು, ಎಷ್ಟು ಹಣ ಖರ್ಚಾಯಿತು, ಒಟ್ಟು ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಹೇಳುವುದರಲ್ಲೇ ಅವರ ಕುರಿತ ಬರಹಗಳು ಮುಗಿದುಹೋಗುತ್ತವೆ. ಆ ಗಾತ್ರವನ್ನು ಕಂಡು ಬೆರಗಾಗದವರು ವಿರಳ, ನಾನೂ ಬೆರಗಾಗಿದ್ದೇನೆ. ಆದರೆ ಅವರ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತ ಹೋದಂತೆ ಮನಸ್ಸಿನಲ್ಲಿ ನಿಂತದ್ದು ಅಗಲವಾದ, ಭಾರವಾದ, ಸುಲಭವಾಗಿ ಮಾತಿಗೆ ಒಡ್ಡಿಕೊಳ್ಳದ ಅವರ ಮುಖ. ಬೊಂದಾರ್ಚುಕ್ ಮೊದಲಿನಿಂದ ಕೊನೆಯವರೆಗೂ ನಟರೇ ಆಗಿದ್ದರು. ತನ್ನ ಅಳವಿಗೆ ಮೀರಿದ ಕಾಲ ಮೈಮೇಲೆ ಬಂದು ಬಿದ್ದಾಗ ಒಬ್ಬ ಸಾಮಾನ್ಯ ಮನುಷ್ಯ ಅದನ್ನು ಹೇಗೆ ತಡೆದುಕೊಳ್ಳುತ್ತಾನೆ ಎಂಬ ನಟನ ಪ್ರಶ್ನೆಯೇ ಅವರನ್ನು ನಿರ್ದೇಶನಕ್ಕೂ ಕರೆತಂದಿತು ಎಂದು ನಾನು ನಂಬುತ್ತೇನೆ.

ಅವರು ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಉಕ್ರೇನಿನ ಖೆರ್ಸೋನ್ ಬಳಿಯ ಬೆಲೊಜೆರ್ಕಾ ಎಂಬ ಹಳ್ಳಿಯಲ್ಲಿ. ಬಾಲ್ಯವೆಲ್ಲ ಅಜೋವ್ ಸಮುದ್ರದ ದಂಡೆಯ ಯೇಸ್ಕ್ ಮತ್ತು ತಗನ್‌ರೋಗ್ ಪಟ್ಟಣಗಳಲ್ಲಿ ಕಳೆಯಿತು. ತಗನ್‌ರೋಗ್ ಕಥೆಗಾರ, ನಾಟಕಕಾರ ಚೆಕೊವ್ ಹುಟ್ಟಿದ ಊರು. ಮುಂದೆ ಚೆಕೊವ್ ಮತ್ತೆ ಮತ್ತೆ ಅವರ ಬದುಕಿನೊಳಕ್ಕೆ ಬಂದದ್ದನ್ನು ನೋಡಿದರೆ, ಆ ಊರಿನ ಗಾಳಿ ಅವರನ್ನು ಪೂರ್ತಿ ಬಿಟ್ಟಿರಲಿಲ್ಲ ಅನ್ನಿಸುತ್ತದೆ. 1938ರಲ್ಲಿ ರಸ್ತೋವ್‌ನ ರಂಗಶಾಲೆ ಸೇರಿದರು; ಓದು ನಡೆದಿರುವಾಗಲೇ ಯುದ್ಧ ಬಂದು, 1942ರಿಂದ 1946ರವರೆಗೆ ಕೆಂಪು ಸೇನೆಯಲ್ಲಿದ್ದರು. ಸೇನೆಯಿಂದ ಬಿಡುಗಡೆಯಾದವರು ಮಾಸ್ಕೋದ ರಾಜ್ಯ ಸಿನಿಮಾ ಸಂಸ್ಥೆಯಲ್ಲಿ ಸೆರ್ಗೈ ಗೆರಾಸಿಮೊವ್ ಮತ್ತು ತಮಾರಾ ಮಕಾರೊವಾ ಅವರ ಶಿಷ್ಯರಾದರು. ಗುರು ಗೆರಾಸಿಮೊವ್ ಅವರ ‘ಯುವ ಕಾವಲುಪಡೆ’ ಚಿತ್ರದಿಂದಲೇ 1948ರಲ್ಲಿ ತೆರೆಗೆ ಬಂದರು. ಯುದ್ಧದಿಂದ ಮರಳಿದ ಆ ತಲೆಮಾರಿನ ನಟರಿಗೆ ಸೈನಿಕನ ಪಾತ್ರಕ್ಕಾಗಿ ನಡಿಗೆಯನ್ನಾಗಲಿ ಹಸಿವನ್ನಾಗಲಿ ಬೇರೆಯವರಿಂದ ಕಲಿಯಬೇಕಾಗಿರಲಿಲ್ಲ.

ಹೆಸರು ಬಂದದ್ದು ಬಹಳ ಬೇಗ. ಇಗೊರ್ ಸವ್ಚೆಂಕೊ ನಿರ್ದೇಶಿಸಿದ ‘ತರಾಸ್ ಶೆವ್ಚೆಂಕೊ’ (1951) ಚಿತ್ರದಲ್ಲಿ ಉಕ್ರೇನಿನ ಮಹಾಕವಿಯಾಗಿ ಅಭಿನಯಿಸಿದ ಬೊಂದಾರ್ಚುಕ್ ಅವರಿಗೆ ಸ್ಟಾಲಿನ್ ಬಹುಮಾನ ಬಂದಿತು. 1952ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ, ‘ಸೋವಿಯತ್ ಒಕ್ಕೂಟದ ಜನತಾ ಕಲಾವಿದ’ ಎಂಬ ಅತ್ಯುನ್ನತ ಬಿರುದೂ ಬಂದಿತು. ಹಿರಿಯ ನಟರು ಜೀವಮಾನವಿಡೀ ದುಡಿದು ಪಡೆಯುತ್ತಿದ್ದ ಗೌರವವದು. ಪ್ರಭುತ್ವದ ಈ ಕೃಪೆ ಅವರಿಗೆ ವರವೂ ಹೌದು, ಹೊರೆಯೂ ಹೌದು. ಜೊತೆಯವರಲ್ಲಿ ಹಲವರು ಅವರನ್ನು ಅಧಿಕಾರಕ್ಕೆ ಬೇಕಾದ ಕಲಾವಿದನೆಂದು ನೋಡತೊಡಗಿದರು, ಆ ನೋಟ ಮುಂದಿನ ನಾಲ್ಕು ದಶಕಗಳಲ್ಲಿ ಬದಲಾಗಲಿಲ್ಲ.

ನನಗೆ ಆ ಕಾಲದ ಅವರ ಪಾತ್ರಗಳಲ್ಲಿ ಹೆಚ್ಚು ಪ್ರಿಯವಾದದ್ದು ಶೆವ್ಚೆಂಕೊ ಅಲ್ಲ, ಚೆಕೊವ್ ಕಥೆಯೊಂದನ್ನು ಆಧರಿಸಿ ಸಮ್ಸೋನ್ ಸಮ್ಸೋನೊವ್ ಮಾಡಿದ ‘ಮಿಡತೆ’ (1955) ಚಿತ್ರದ ಡಾಕ್ಟರ್ ದಿಮೊವ್. ಹೆಂಡತಿ ಕಲಾವಿದರ ಒಡನಾಟದಲ್ಲಿ ಮೈಮರೆತಿರುವಾಗ, ಅವಳ ಅತಿಥಿಗಳನ್ನು ಊಟಕ್ಕೆ ಕರೆಯುವ ಕೆಲಸವೊಂದೇ ತನ್ನದೆಂಬಂತೆ ನಗುಮುಖದಿಂದ ಬಾಗಿಲಲ್ಲಿ ನಿಲ್ಲುವ ವೈದ್ಯನ ಪಾತ್ರವದು. ಅವನ ಯೋಗ್ಯತೆ ಅವಳಿಗೆ ತಿಳಿಯುವ ಹೊತ್ತಿಗೆ ಅವನು ಸಾಯುತ್ತಿರುತ್ತಾನೆ. ಇಡೀ ಚಿತ್ರದಲ್ಲಿ ದಿಮೊವ್ ತನ್ನ ನೋವನ್ನು ಹೇಳಿಕೊಳ್ಳುವುದಿಲ್ಲ. ಬೊಂದಾರ್ಚುಕ್ ಆ ನೋವನ್ನು ಭುಜದ ಬಾಗಿನಲ್ಲಿ, ಕಣ್ಣನ್ನು ಕೊಂಚ ತಡವಾಗಿ ಎತ್ತುವುದರಲ್ಲಿ ಇಟ್ಟಿದ್ದಾರೆ. ಅದರ ಬೆನ್ನಿಗೇ, ಬೊಂದಾರ್ಚುಕ್ ಒಥೆಲೊ ಆಗಿ ಅಭಿನಯಿಸಿದ, ಸೆರ್ಗೈ ಯುಟ್ಕೆವಿಚ್ ನಿರ್ದೇಶನದ ‘ಒಥೆಲೊ’ ಬಂದಿತು. ಅದಕ್ಕೆ 1956ರ ಕಾನ್ ಉತ್ಸವದಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿ ದೊರೆಯಿತು. ಡೆಸ್ಡಿಮೋನಾ ಆಗಿದ್ದ ಇರಿನಾ ಸ್ಕೊಬ್ತ್ಸೆವಾ ಕೆಲವೇ ವರ್ಷಗಳಲ್ಲಿ ಬೊಂದಾರ್ಚುಕ್ ಅವರ ಬಾಳಸಂಗಾತಿಯಾದರು.

ಇಷ್ಟು ಹೊತ್ತಿಗೆ ಕಾದಂಬರಿಕಾರ ಮಿಖಾಯಿಲ್ ಶೋಲೊಖೊವ್ ಅವರ ‘ಮನುಷ್ಯನ ವಿಧಿ’ ಎಂಬ ಕಥೆ ‘ಪ್ರಾವ್ದಾ’ ಪತ್ರಿಕೆಯಲ್ಲಿ ಅಚ್ಚಾಗಿತ್ತು. 1956ರ ಕೊನೆಯ ದಿನ ಮತ್ತು 1957ರ ಮೊದಲ ದಿನದ ಸಂಚಿಕೆಗಳಲ್ಲಿ ಎರಡು ಕಂತಾಗಿ ಬಂದ ಈ ಕಥೆಯ ನಾಯಕ ಅಂದ್ರೈ ಸೊಕೊಲೊವ್ ಒಬ್ಬ ಲಾರಿ ಚಾಲಕ. ಯುದ್ಧಕ್ಕೆ ಹೋಗಿ ಜರ್ಮನರ ಸೆರೆ ಸಿಕ್ಕಿ, ಬದುಕಿ ಮರಳುವಷ್ಟರಲ್ಲಿ ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಬಾಂಬಿಗೆ ಕಳೆದುಕೊಂಡಿರುತ್ತಾನೆ. ಯುದ್ಧ ಮುಗಿಯುವ ದಿನ ಮಗನನ್ನೂ ಕಳೆದುಕೊಳ್ಳುತ್ತಾನೆ. ಸ್ಟಾಲಿನ್ ಕಾಲದಲ್ಲಿ ಶತ್ರುವಿಗೆ ಸೆರೆ ಸಿಕ್ಕಿ ಮರಳಿದ ಸೈನಿಕನನ್ನು ದ್ರೋಹಿಯೆಂಬಂತೆ ಅನುಮಾನದಿಂದ ನೋಡಲಾಗುತ್ತಿತ್ತು, ಅಂಥ ಸಾವಿರಾರು ಜನ ತಮ್ಮದೇ ದೇಶದ ಶಿಬಿರಗಳಿಗೂ ಹೋದರು. ಯುದ್ಧಕೈದಿಯೊಬ್ಬನನ್ನು ತಲೆಯೆತ್ತಿ ನಿಂತ ಮನುಷ್ಯನನ್ನಾಗಿ ಚಿತ್ರಿಸಿದ್ದು ಆ ಕಾರಣಕ್ಕೇ ದೊಡ್ಡ ಮಾತು. ಆ ಕಥೆಯನ್ನು ತನ್ನ ಮೊದಲ ನಿರ್ದೇಶನಕ್ಕೆ ಆರಿಸಿಕೊಂಡು, ಸೊಕೊಲೊವ್ ಪಾತ್ರವನ್ನೂ ತಾವೇ ಮಾಡಿದ ಬೊಂದಾರ್ಚುಕ್ ಅವರ ಧೈರ್ಯವನ್ನು ಇಂದಿನ ದೂರದಿಂದ ಕಡಿಮೆಯೆಂದು ಎಣಿಸಬಾರದು.

ಈ ಚಿತ್ರದ ಒಂದು ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಲ್ಲುಗಣಿಯಲ್ಲಿ ದುಡಿದು ಬಸವಳಿದ ಸೊಕೊಲೊವ್‌ನನ್ನು, ಕೆಲಸದ ಬಗ್ಗೆ ಗೊಣಗಿದನೆಂಬ ಕಾರಣಕ್ಕೆ, ಶಿಬಿರದ ಅಧಿಕಾರಿ ಮ್ಯುಲ್ಲರ್ ತನ್ನ ಕೋಣೆಗೆ ಕರೆಸುತ್ತಾನೆ. ಮೇಜಿನ ಮೇಲೆ ಊಟ ಹರಡಿದೆ. ಗುಂಡಿಕ್ಕುವ ಮೊದಲು ಒಂದು ಲೋಟ ಶ್ನಾಪ್ಸ್ ಮದ್ಯ ಸುರಿದು, ಜರ್ಮನ್ ಆಯುಧಗಳ ಗೆಲುವಿಗಾಗಿ ಕುಡಿ ಎನ್ನುತ್ತಾನೆ ಮ್ಯುಲ್ಲರ್. ಸೊಕೊಲೊವ್ ಒಪ್ಪುವುದಿಲ್ಲ. ಹಾಗಾದರೆ ನಿನ್ನ ಸಾವಿಗೆ ಕುಡಿ ಎಂದಾಗ ಎತ್ತಿ ಕುಡಿಯುತ್ತಾನೆ. ಆದರೆ ಜೊತೆಗಿಟ್ಟ ಬ್ರೆಡ್ಡನ್ನು ಮುಟ್ಟದೆ, ಮೊದಲ ಲೋಟದ ಮೇಲೆ ತಾನು ಏನನ್ನೂ ತಿನ್ನುವುದಿಲ್ಲ ಎನ್ನುತ್ತಾನೆ. ಎರಡನೆಯ ಲೋಟದ ಮೇಲೂ ಅದೇ ಮಾತು. ಮೂರನೆಯದು ಮುಗಿದ ಮೇಲೆ ಬ್ರೆಡ್ಡಿನ ಸಣ್ಣ ಚೂರನ್ನಷ್ಟೇ ಕಚ್ಚಿ ಉಳಿದದ್ದನ್ನು ಮೇಜಿನ ಮೇಲೆ ಇಡುತ್ತಾನೆ. ಹಸಿವಿನಿಂದ ಸಾಯುತ್ತಿರುವವನಿಗೆ ಆ ಬ್ರೆಡ್ಡನ್ನು ಬಿಡುವುದು ಎಂಥ ಕಷ್ಟವೆಂಬುದನ್ನು ಬೊಂದಾರ್ಚುಕ್ ತೋರಿಸುವ ಬಗೆ ಅಪೂರ್ವವಾದುದು. ಅಧಿಕಾರಿಗಳು ನೋಡುತ್ತಿರುವಾಗ ಅವರ ಮುಖದಲ್ಲಿ ಶೌರ್ಯವಿಲ್ಲ, ಸವಾಲಿಲ್ಲ. ದಣಿವಿದೆ, ಅಮಲು ಏರುತ್ತಿರುವ ಕಣ್ಣಿದೆ, ಕಾಲು ಕುಸಿಯದಂತೆ ನಿಲ್ಲಬೇಕೆಂಬ ಹಟವಿದೆ. ಮ್ಯುಲ್ಲರ್ ಕೊಲ್ಲದೆ ಬಿಟ್ಟು ಒಂದಿಡೀ ಬ್ರೆಡ್ಡು, ಒಂದು ತುಂಡು ಹಂದಿಕೊಬ್ಬು ಕೊಟ್ಟು ಕಳಿಸಿದಾಗ, ಅವನ್ನು ಎದೆಗವಚಿಕೊಂಡು ತೂರಾಡುತ್ತ ಬಂದವನು ಬ್ಯಾರಕ್ಕಿನ ಎಲ್ಲರಿಗೂ ಸಮನಾಗಿ ಹಂಚಿರೆಂದು ಹೇಳಿ ಬಿದ್ದುಬಿಡುತ್ತಾನೆ.

ಅದೇ ಚಿತ್ರದಲ್ಲಿ, ಶಿಬಿರದಿಂದ ತಪ್ಪಿಸಿಕೊಂಡ ಸೊಕೊಲೊವ್ ಬೆಳೆದು ನಿಂತ ಪೈರಿನ ನಡುವೆ ಅಂಗಾತ ಬಿದ್ದುಕೊಳ್ಳುವ ಒಂದು ಶಾಟ್ ಇದೆ. ಛಾಯಾಗ್ರಾಹಕ ವ್ಲದೀಮಿರ್ ಮೊನಾಖೊವ್ ಅವರ ಕ್ಯಾಮೆರಾ ಅವನ ಮುಖದಿಂದ ಮೇಲೇರುತ್ತ, ಏರುತ್ತ ಹೋಗಿ, ಕೊನೆಗೆ ತೆರೆ ತುಂಬ ಹೊಲವೇ ಆಗಿ ಮನುಷ್ಯ ಒಂದು ಚುಕ್ಕೆಯಾಗುತ್ತಾನೆ. ಮುಂದಿನ ದೊಡ್ಡ ಚಿತ್ರಗಳ ಕಣ್ಣು ಈ ಒಂದೇ ಶಾಟಿನಲ್ಲಿ ಆಗಲೇ ತೆರೆದಿತ್ತು. ಮುಖವನ್ನು ಚೆನ್ನಾಗಿ ಪರಿಚಯಿಸಿದ ಮೇಲೆಯೇ ಅವರು ದೂರ ಸರಿಯುತ್ತಾರೆ. ಚುಕ್ಕೆಯಾದವನು ಯಾರೆಂದು ನಮಗೆ ಗೊತ್ತಿರುವುದರಿಂದಲೇ ಆ ಎತ್ತರಕ್ಕೆ ಅರ್ಥ. ಚಿತ್ರ 1959ರಲ್ಲಿ ಮೊದಲನೆಯ ಮಾಸ್ಕೋ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಮಹಾ ಬಹುಮಾನ ಪಡೆಯಿತು, ಮರುವರ್ಷ ನಿರ್ದೇಶಕರಿಗೆ ಲೆನಿನ್ ಬಹುಮಾನ ಬಂದಿತು. ಇಟಲಿಯ ರೊಬೆರ್ತೊ ರೊಸೆಲ್ಲೀನಿ ತಮ್ಮ ಚಿತ್ರವೊಂದಕ್ಕೆ ಅವರನ್ನು ನಟರಾಗಿ ಕರೆಸಿಕೊಂಡದ್ದೂ ಇದೇ ಹೊತ್ತಿನಲ್ಲಿ.

ಇನ್ನು ‘ಯುದ್ಧ ಮತ್ತು ಶಾಂತಿ’. 1956ರಲ್ಲಿ ಅಮೆರಿಕದವರು ಮಾಡಿದ ‘ಯುದ್ಧ ಮತ್ತು ಶಾಂತಿ’ ಸೋವಿಯತ್ ಚಿತ್ರಮಂದಿರಗಳಲ್ಲೂ ಓಡಿತ್ತು. ಟಾಲ್‌ಸ್ಟಾಯ್ ಅವರ ನಾಡಿನವರೇ ಇದನ್ನು ಮಾಡಬೇಕೆಂಬ ಒತ್ತಾಯ ಅಲ್ಲಿಂದ ಬೆಳೆಯಿತು. ಶೀತಲ ಸಮರದ ಪೈಪೋಟಿ ಇದರ ಹಿಂದೆ ಇದ್ದದ್ದು ನಿಜ. ಹಿರಿಯ ನಿರ್ದೇಶಕ ಇವಾನ್ ಪೀರ್ಯೆವ್ ಕೂಡ ಕಣದಲ್ಲಿದ್ದರು; ಒಂದೇ ಒಂದು ಚಿತ್ರ ನಿರ್ದೇಶಿಸಿದ್ದ ಬೊಂದಾರ್ಚುಕ್ ಅವರಿಗೆ 1961ರಲ್ಲಿ ಹೊಣೆ ಒಪ್ಪಿಸಲಾಯಿತು. 1962ರ ಸೆಪ್ಟೆಂಬರಿನಲ್ಲಿ ಚಿತ್ರೀಕರಣ ಆರಂಭವಾಯಿತು. ನಾಲ್ಕು ಭಾಗಗಳ, ಏಳು ಗಂಟೆಗಳಷ್ಟು ದೀರ್ಘವಾದ ಚಿತ್ರ 1966 ಮತ್ತು 1967ರಲ್ಲಿ ತೆರೆಗೆ ಬಂದಿತು. ಬದುಕಿನ ಐದಾರು ವರ್ಷ ಅದಕ್ಕೇ ಸಂದವು.

ದೇಶವೇ ಆ ಚಿತ್ರಕ್ಕೆ ತನ್ನ ಉಗ್ರಾಣದ ಬಾಗಿಲು ತೆರೆಯಿತು. ವಸ್ತುಸಂಗ್ರಹಾಲಯಗಳು ಪೀಠೋಪಕರಣಗಳನ್ನು, ದೀಪಗುಚ್ಛಗಳನ್ನು ಎರವಲು ಕೊಟ್ಟವು. ಚಿತ್ರೀಕರಣಕ್ಕೆಂದೇ ಸೇನೆಯಲ್ಲಿ ಒಂದು ಅಶ್ವದಳ ಹುಟ್ಟಿಕೊಂಡಿತು. 1812ರಲ್ಲಿ ನೆಪೋಲಿಯನ್ನನ ಸೇನೆಗೂ ರಷ್ಯನ್ನರಿಗೂ ನಡೆದ ಬೊರೊದಿನೊ ಕದನವನ್ನು ಸ್ಮೊಲೆನ್‌ಸ್ಕ್ ಪ್ರಾಂತದ ದೊರೊಗೊಬೂಝ್ ಬಳಿಯ ಬಯಲಲ್ಲಿ ಚಿತ್ರಿಸಲಾಯಿತು. ಅದರಲ್ಲಿ 1,20,000 ಸೈನಿಕರಿದ್ದರೆಂದು ಪ್ರಚಾರದಲ್ಲಿ ಹೇಳಿದ್ದು ಇಂದಿಗೂ ಅಚ್ಚಾಗುತ್ತಿದೆ. ನಿಜವಾದ ಸಂಖ್ಯೆ ಅದರ ಹತ್ತನೆಯ ಒಂದು ಪಾಲಿಗೆ ಹತ್ತಿರವಾದುದು. ಖರ್ಚಿನ ವಿಷಯದಲ್ಲೂ ಹಾಗೆಯೇ: ಹತ್ತು ಕೋಟಿ ಡಾಲರ್ ಎಂಬ ಮಾತು ಹಬ್ಬಿದೆ, ಲೆಕ್ಕಪತ್ರದಲ್ಲಿರುವುದು ಸುಮಾರು 83 ಲಕ್ಷ ರೂಬಲ್. ಸೈನಿಕರಿಗೆ ಸಂಬಳ ಕೊಡಬೇಕಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಹೊರಗಿನವರಿಗೆ ಕಾಣದ ಕಷ್ಟಗಳೂ ಇದ್ದವು. ಶೋಸ್ತ್ಕಾ ಕಾರ್ಖಾನೆಯಲ್ಲಿ ತಯಾರಾದ 70 ಮಿ.ಮೀ. ಫಿಲಂ ದೋಷಗಳಿಂದ ತುಂಬಿತ್ತು. ಚಿತ್ರಿಸಿದ್ದನ್ನು ಸಂಸ್ಕರಿಸಿ ನೋಡಿದಾಗ ಹಾಳಾಗಿರುವುದು ತಿಳಿದು, ಸಾವಿರಾರು ಜನರ ದೃಶ್ಯಗಳನ್ನು ಮತ್ತೆ ಚಿತ್ರಿಸಬೇಕಾಗುತ್ತಿತ್ತು. ಮೊದಲಿದ್ದ ಛಾಯಾಗ್ರಾಹಕರು ಬಿಟ್ಟುಹೋದ ಮೇಲೆ ಯುವಕ ಅನತೊಲಿ ಪೆತ್ರಿತ್ಸ್ಕಿ ಆ ಸ್ಥಾನಕ್ಕೆ ಬಂದರು. ಕಥಾನಾಯಕಿ ನತಾಶಾಳ ಮೊದಲ ಬಾಲ್ ನೃತ್ಯದ ದೃಶ್ಯದಲ್ಲಿ ಕ್ಯಾಮೆರಾ ಜೋಡಿಗಳ ನಡುವೆ ತೇಲಿದಂತೆ ಸಾಗುತ್ತದೆಯಲ್ಲ, ಅದಕ್ಕಾಗಿ ಕ್ಯಾಮೆರಾ ಹಿಡಿದವರು ಚಕ್ರದ ಸ್ಕೇಟ್ ಕಟ್ಟಿಕೊಂಡು ಜಾರಿದ್ದರು. ರಣರಂಗದ ಮೇಲೆ ಹಾರಿಬರುವ ಶಾಟುಗಳಿಗಾಗಿ ಎತ್ತರದಲ್ಲಿ ತಂತಿ ಬಿಗಿದು ಅದರ ಮೇಲೆ ಕ್ಯಾಮೆರಾ ಓಡಿಸಿದರು. ಇಂಥ ಉಪಾಯಗಳನ್ನು ಓದುವಾಗ, ಈ ಚಿತ್ರ ಬರಿಯ ಹಣದಿಂದ ಆದದ್ದಲ್ಲವೆಂಬುದು ಖಾತ್ರಿಯಾಗುತ್ತದೆ. 1964ರ ಜುಲೈನಲ್ಲಿ ಬೊಂದಾರ್ಚುಕ್ ಅವರಿಗೆ ತೀವ್ರ ಹೃದಯಾಘಾತವಾಯಿತು, ವೈದ್ಯರು ಅವರನ್ನು ಸಾವಿನ ಬಾಯಿಂದ ಹಿಂದಕ್ಕೆ ತಂದರು. ಎಚ್ಚರವಾದಾಗ ಅವರು ಆಡಿದ ಮೊದಲ ಮಾತು, ತಾನು ಸತ್ತರೆ ಗುರು ಗೆರಾಸಿಮೊವ್ ಚಿತ್ರವನ್ನು ಮುಗಿಸಲಿ ಎಂಬುದಾಗಿತ್ತಂತೆ.

ಕಾದಂಬರಿಯ ನಾಯಕರಲ್ಲೊಬ್ಬನಾದ ಪಿಯೆರ್ ಬೆಜೂಖೊವ್ ಪಾತ್ರವನ್ನು ತಾವೇ ಮಾಡಿದ್ದಕ್ಕೆ ಅವರನ್ನು ಟೀಕಿಸಿದವರು ಬಹಳ. ಕಾದಂಬರಿಯ ಆರಂಭದಲ್ಲಿ ಪಿಯೆರ್ ಇಪ್ಪತ್ತರ ತರುಣ, ಬೊಂದಾರ್ಚುಕ್ ಆಗಲೇ ನಲವತ್ತು ದಾಟಿದವರು. ಭಾರ ಎತ್ತುವ ಸ್ಪರ್ಧೆಯ ಒಲಿಂಪಿಕ್ ವಿಜೇತ ಯೂರಿ ವ್ಲಾಸೊವ್ ಅವರನ್ನು ಈ ಪಾತ್ರಕ್ಕೆ ಮೊದಲು ಪರೀಕ್ಷಿಸಿ ನೋಡಿದ್ದೂ ಉಂಟು. ವಯಸ್ಸಿನ ಆಕ್ಷೇಪ ಸರಿಯೇ. ಮೊದಲ ಭಾಗದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಆದರೆ ಮೂರನೆಯ ಭಾಗದಲ್ಲಿ, ತಿಳಿಬಣ್ಣದ ಟೋಪಿ ಹಾಕಿದ ಈ ದಪ್ಪ ಮನುಷ್ಯ ಫಿರಂಗಿಗಳ ನಡುವೆ ದಾರಿ ತಪ್ಪಿದವನಂತೆ ನಿಂತಾಗ ಆ ಆಕ್ಷೇಪ ನನ್ನ ಮಟ್ಟಿಗೆ ಕರಗಿಹೋಯಿತು. ದೇಜಗೌ ಅವರ ಅನುವಾದದಲ್ಲೋ ಓ.ಎಲ್. ನಾಗಭೂಷಣ ಸ್ವಾಮಿ ಅವರ ಅನುವಾದದಲ್ಲೋ ಈ ಕಾದಂಬರಿಯನ್ನು ಓದಿದ ಕನ್ನಡಿಗರಿಗೆ ನೆನಪಿರಬಹುದು, ಬೊರೊದಿನೊದಲ್ಲಿ ಪಿಯೆರ್‌ಗೆ ಮಾಡಲು ಯಾವ ಕೆಲಸವೂ ಇಲ್ಲ, ಅವನು ನೋಡಲೆಂದು ಬಂದವನು. ಹೊಗೆ, ಬೆಂಕಿ, ಬೀಳುವ ಕುದುರೆಗಳು, ಅಷ್ಟು ಜನ ಸೈನಿಕರು, ಎಲ್ಲವೂ ಆ ನೋಡುವ ಮುಖದ ಸುತ್ತ ಸುತ್ತುತ್ತವೆ. ಮೊದಲಿನ ಕುತೂಹಲ, ಆಮೇಲೆ ಪರಿಚಯವಾದ ಸೈನಿಕರ ಮೇಲಿನ ಅಕ್ಕರೆ, ಕೊನೆಗೆ ಇದನ್ನು ಯಾರೂ ಯಾಕೆ ನಿಲ್ಲಿಸುತ್ತಿಲ್ಲ ಎಂಬ ದಿಗ್ಭ್ರಮೆ, ಇವು ಆ ಮುಖದಲ್ಲಿ ಒಂದಾದ ಮೇಲೊಂದು ಬರುವುದನ್ನು ನೋಡದೆ ಬರೀ ಸೈನಿಕರನ್ನು ಎಣಿಸಿದವರು ಚಿತ್ರದ ಅರ್ಧವನ್ನಷ್ಟೇ ನೋಡಿದ್ದಾರೆ. ನಿರೂಪಣೆಯ ದನಿಯೂ ಅವರದೇ. ನತಾಶಾ ಆಗಿ ಬ್ಯಾಲೆ ಶಾಲೆಯಿಂದ ಆಗಷ್ಟೇ ಹೊರಬಂದಿದ್ದ ಲ್ಯುದ್ಮೀಲಾ ಸವೆಲ್ಯೆವಾ ಅವರನ್ನೂ, ಪ್ರಿನ್ಸ್ ಅಂದ್ರೈ ಆಗಿ ವ್ಯಚೆಸ್ಲಾವ್ ತೀಖೊನೊವ್ ಅವರನ್ನೂ ಆರಿಸಿದ ಕಣ್ಣು ನಟನ ಕಣ್ಣೇ. 1969ರಲ್ಲಿ ಈ ಚಿತ್ರ ವಿದೇಶಿ ಭಾಷೆಯ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು.

ಆ ಯಶಸ್ಸನ್ನು ಕಂಡ ಇಟಲಿಯ ನಿರ್ಮಾಪಕ ದೀನೊ ದೆ ಲೌರೆಂತಿಸ್, ನೆಪೋಲಿಯನ್ನನ ಕೊನೆಯ ಕದನದ ಕುರಿತ ‘ವಾಟರ್ಲೂ’ (1970) ಚಿತ್ರವನ್ನು ಅವರಿಗೆ ಒಪ್ಪಿಸಿದರು. ಉಕ್ರೇನಿನ ಉಝ್‌ಗೊರೊದ್ ಬಳಿ ಗುಡ್ಡಗಳನ್ನು ಸಮ ಮಾಡಿ, ಮರಗಳನ್ನು ನೆಟ್ಟು, ಬೆಲ್ಜಿಯಮ್ಮಿನ ಬಯಲನ್ನು ಕಟ್ಟಿದರು. ಸುಮಾರು ಹದಿನೈದು ಸಾವಿರ ಸೋವಿಯತ್ ಸೈನಿಕರು ನೆಪೋಲಿಯನ್ನನ ಮತ್ತು ವೆಲಿಂಗ್ಟನ್ನನ ಸಮವಸ್ತ್ರ ತೊಟ್ಟರು. ರಾಡ್ ಸ್ಟೈಗರ್ ನೆಪೋಲಿಯನ್, ಕ್ರಿಸ್ಟೊಫರ್ ಪ್ಲಮ್ಮರ್ ವೆಲಿಂಗ್ಟನ್, ಆರ್ಸನ್ ವೆಲ್ಸ್ ಹದಿನೆಂಟನೆಯ ಲೂಯಿ. ಹಣ ಮರಳಿ ಬರಲಿಲ್ಲ. ಕುದುರೆಸವಾರರು ಚೌಕಾಕಾರವಾಗಿ ನಿಂತ ಕಾಲಾಳುಗಳ ಸುತ್ತ ನೀರಿನಂತೆ ಹರಿಯುವುದನ್ನು ಆಕಾಶದಿಂದ ತೋರಿಸುವ ದೃಶ್ಯ ಅದ್ಭುತವಾದುದೇ. ಆದರೂ ನನಗೆ ಇದು ಅವರ ಚಿತ್ರಗಳಲ್ಲಿ ಅತ್ಯಂತ ತಣ್ಣನೆಯದು, ಏಕೆಂದರೆ ಅಲ್ಲಿ ನಾವು ಹಿಂಬಾಲಿಸಬಹುದಾದ ಒಬ್ಬ ಸೊಕೊಲೊವ್ ಇಲ್ಲ, ಒಬ್ಬ ಪಿಯೆರ್ ಇಲ್ಲ.

ಐದು ವರ್ಷಗಳ ಬಳಿಕ ಮತ್ತೆ ಶೋಲೊಖೊವ್ ಕಡೆಗೆ ತಿರುಗಿ ಮಾಡಿದ ‘ಅವರು ತಾಯ್ನಾಡಿಗಾಗಿ ಹೋರಾಡಿದರು’ (1975) ಚಿತ್ರದಲ್ಲಿ ಆ ಮುಖ ಮರಳಿತು. 1942ರ ಬೇಸಿಗೆಯಲ್ಲಿ ದೋನ್ ನದಿಯತ್ತ ಹಿಮ್ಮೆಟ್ಟುತ್ತಿರುವ, ಅಳಿದುಳಿದ ಒಂದು ತುಕಡಿಯ ಕಥೆ ಇದು. ಬೊಂದಾರ್ಚುಕ್ ಕೊಯ್ಲು ಯಂತ್ರ ಓಡಿಸುತ್ತಿದ್ದ ರೈತ ಜ್ವ್ಯಾಗಿಂತ್ಸೆವ್ ಆಗಿದ್ದಾರೆ. ಶತ್ರುವಿನ ಟ್ಯಾಂಕಿಗಿಂತಲೂ ಕಣ್ಣೆದುರು ಸುಟ್ಟುಹೋಗುತ್ತಿರುವ ಮಾಗಿದ ಗೋಧಿಯ ಹೊಲ ಅವನ ಕರುಳು ಹಿಂಡುತ್ತದೆ. ಅವರ ಎದುರಿಗೆ ಜೊತೆಯ ಸೈನಿಕ ಲೋಪಾಖಿನ್ ಆಗಿ ಅಭಿನಯಿಸಿದವರು ಕಥೆಗಾರ, ನಿರ್ದೇಶಕ ವಸೀಲಿ ಶುಕ್ಷಿನ್. ಚಿತ್ರೀಕರಣ ಮುಗಿಯುವ ಹೊತ್ತಿಗೆ, 1974ರ ಅಕ್ಟೋಬರ್ 2ರಂದು, ತಂಡ ಉಳಿದುಕೊಂಡಿದ್ದ ಹಡಗಿನ ಕೋಣೆಯಲ್ಲಿ ಶುಕ್ಷಿನ್ ತೀರಿಕೊಂಡರು. ಆಗ ಅವರಿಗೆ ನಲವತ್ತೈದು ವರ್ಷ. ಉಳಿದ ದನಿಯನ್ನು ಬೇರೊಬ್ಬ ನಟರಿಂದ ಡಬ್ ಮಾಡಿಸಿ ಚಿತ್ರ ಮುಗಿಸಿದರು. ಯುದ್ಧವನ್ನು ಗೆಲುವಿನ ಹಾದಿಯಾಗಿ ತೋರಿಸದೆ ಹಿಮ್ಮೆಟ್ಟುವವರ ಧೂಳಿನಲ್ಲಿ, ಬೈಗುಳದಲ್ಲಿ, ನಗೆಯಲ್ಲಿ ತೋರಿಸಿದ ಈ ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆ ರಷ್ಯಾದ ಹೊರಗೆ ಇನ್ನೂ ಸಂದಿಲ್ಲ.

ಅವರ ‘ಹುಲ್ಲುಗಾವಲು’ (1977) ಚೆಕೊವ್ ಅವರ ನೀಳ್ಗತೆಯನ್ನು ಆಧರಿಸಿದ್ದು. ಅದರಲ್ಲಿ ಅವರು ತಮಗಾಗಿ ಇಟ್ಟುಕೊಂಡದ್ದು ಯೆಮೆಲ್ಯಾನ್ ಎಂಬ ಸಣ್ಣ ಪಾತ್ರ. ಒಂದು ಕಾಲಕ್ಕೆ ಮೇಳದಲ್ಲಿ ಹಾಡುತ್ತಿದ್ದ ಈ ಗಾಡಿಯಾಳು ನದಿಯಲ್ಲಿ ಮಿಂದು ಶೀತವಾಗಿ ಕಂಠ ಕಳೆದುಕೊಂಡಿದ್ದಾನೆ. ಈಗ ಗಾಡಿಗಳ ಸಾಲಿನ ಪಕ್ಕ ನಡೆಯುತ್ತ, ಒಳಗೆ ಕೇಳಿಸುವ ಹಾಡಿಗೆ ಕೈಯಾಡಿಸುತ್ತಾನೆ. ಸೈನ್ಯಗಳನ್ನು ನಡೆಸಿದ ನಿರ್ದೇಶಕರು ದನಿಯಿಲ್ಲದ ಹಾಡುಗಾರನ ಪಾತ್ರವನ್ನು ತಾವೇ ಆರಿಸಿಕೊಂಡರೆಂಬುದು ಅವರ ಒಳಮನಸ್ಸಿನ ಬಗ್ಗೆ ಬಹಳ ಹೇಳುತ್ತದೆ.

ಪ್ರಭುತ್ವದೊಂದಿಗಿನ ಅವರ ನಂಟನ್ನು ಮುಚ್ಚಿಟ್ಟು ಅವರನ್ನು ಹೊಗಳಲಾಗದು. 1971ರಿಂದ ಅವರು ಚಲನಚಿತ್ರ ಕಲಾವಿದರ ಒಕ್ಕೂಟದ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದರು. 1980ರಲ್ಲಿ ‘ಸಮಾಜವಾದಿ ಶ್ರಮವೀರ’ ಬಿರುದು ಬಂದಿತು. 1983ರ ಕಾನ್ ಉತ್ಸವದ ತೀರ್ಪುಗಾರರಲ್ಲಿ ಅವರಿದ್ದರು, ಪ್ರಭುತ್ವದೊಂದಿಗೆ ತಿಕ್ಕಾಟದಲ್ಲಿದ್ದ ನಿರ್ದೇಶಕ ಅಂದ್ರೈ ತಾರ್ಕೊವ್ಸ್ಕಿಯವರ ‘ನೊಸ್ಟಾಲ್ಜಿಯಾ’ ಸ್ಪರ್ಧೆಯಲ್ಲಿತ್ತು. ತನಗೆ ಮುಖ್ಯ ಪ್ರಶಸ್ತಿ ತಪ್ಪುವಂತೆ ಬೊಂದಾರ್ಚುಕ್ ನೋಡಿಕೊಂಡರೆಂಬ ಕಹಿಯನ್ನು ತಾರ್ಕೊವ್ಸ್ಕಿ ಬಿಡಲೇ ಇಲ್ಲ. ತಾರ್ಕೊವ್ಸ್ಕಿಯವರ ‘ಸೊಲಾರಿಸ್’ ಚಿತ್ರದ ನಾಯಕಿ ನತಾಲ್ಯಾ, ಬೊಂದಾರ್ಚುಕ್ ಅವರ ಹಿಂದಿನ ಮದುವೆಯ ಮಗಳು. ಒಂದೇ ಮನೆಯೊಳಗೆ ಸೋವಿಯತ್ ಸಿನಿಮಾದ ಎರಡು ದಾರಿಗಳು ಹೀಗೆ ಎದುರುಬದುರಾಗಿ ನಿಂತಿದ್ದವು. ನಾನು ತಾರ್ಕೊವ್ಸ್ಕಿಯವರ ಚಿತ್ರಗಳನ್ನೂ ಪ್ರೀತಿಸುವವನು. ಒಬ್ಬರ ಪರ ನಿಲ್ಲಲು ಇನ್ನೊಬ್ಬರನ್ನು ಕಡಿಮೆ ಮಾಡಬೇಕೆಂದು ನನಗೆ ಅನ್ನಿಸುವುದಿಲ್ಲ.

1986ರ ಮೇ ತಿಂಗಳಲ್ಲಿ ಕ್ರೆಮ್ಲಿನ್ನಿನಲ್ಲಿ ಸೇರಿದ ಚಲನಚಿತ್ರ ಕಲಾವಿದರ ಒಕ್ಕೂಟದ ಐದನೆಯ ಮಹಾಧಿವೇಶನ ಹಳೆಯ ನಾಯಕತ್ವವನ್ನು ಉರುಳಿಸಿತು. ಅಡಗಿಸಿಟ್ಟಿದ್ದ ಎಷ್ಟೋ ಒಳ್ಳೆಯ ಚಿತ್ರಗಳು ಅದರ ಫಲವಾಗಿ ಬೆಳಕು ಕಂಡವು, ಆ ಬದಲಾವಣೆ ಬೇಕಾಗಿತ್ತು. ಆದರೆ ಬೊಂದಾರ್ಚುಕ್ ಅವರನ್ನು ಅಧಿವೇಶನಕ್ಕೆ ಪ್ರತಿನಿಧಿಯಾಗಿಯೂ ಆರಿಸದೆ ಹೊರಗಿಟ್ಟದ್ದು ಅನ್ಯಾಯ. ಅವರ ಪರವಾಗಿ ಎದ್ದುನಿಂತು ಮಾತಾಡಿದ ನಿರ್ದೇಶಕ ನಿಕಿತಾ ಮಿಖಾಲ್ಕೊವ್ ಕೂಡ ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾದರು. ಪದವಿಗಾಗಿ ಒಬ್ಬರನ್ನು ಪ್ರಶ್ನಿಸುವುದು ಬೇರೆ, ‘ಮನುಷ್ಯನ ವಿಧಿ’ಯಂಥ ಚಿತ್ರ ಕೊಟ್ಟವರನ್ನು ಕಲಾವಿದರ ಸಾಲಿನಿಂದಲೇ ತಳ್ಳುವುದು ಬೇರೆ.

ಕೊನೆಯ ವರ್ಷಗಳು ಶೋಲೊಖೊವ್ ಅವರ ‘ದೋನ್ ಪ್ರಶಾಂತವಾಗಿ ಹರಿಯುತ್ತಿದೆ’ ಕಾದಂಬರಿಯ ಬೆನ್ನು ಹತ್ತಿ ಕಳೆದವು. ಗುರು ಗೆರಾಸಿಮೊವ್ 1950ರ ದಶಕದಲ್ಲೇ ಅದನ್ನು ಚಿತ್ರವಾಗಿಸಿದ್ದರು. ಶಿಷ್ಯನಿಗೂ ಅದೇ ಬಯಕೆ ಬಹುಕಾಲದಿಂದ ಇತ್ತು. ಸೋವಿಯತ್ ಒಕ್ಕೂಟ ಕುಸಿದ ಬಳಿಕ, ಇಟಲಿಯ ನಿರ್ಮಾಪಕರ ಹಣದಲ್ಲಿ, ಇಂಗ್ಲಿಷ್ ಮಾತುಗಳಲ್ಲಿ, ಬ್ರಿಟಿಷ್ ನಟ ರೂಪರ್ಟ್ ಎವರೆಟ್ ಅವರನ್ನು ನಾಯಕನಾದ ಕೊಸಾಕ್ ಯೋಧ ಗ್ರಿಗೊರಿಯ ಪಾತ್ರಕ್ಕೆ ಇಟ್ಟುಕೊಂಡು 1992ರಲ್ಲಿ ಚಿತ್ರೀಕರಣ ಶುರು ಮಾಡಿದರು. ನಿರ್ಮಾಣ ಸಂಸ್ಥೆ ದಿವಾಳಿಯಾಗಿ, ಚಿತ್ರಿಸಿದ ಸುರುಳಿಗಳು ಇಟಲಿಯ ಬ್ಯಾಂಕೊಂದರ ವಶವಾದವು. ಅವನ್ನು ಬಿಡಿಸಿಕೊಳ್ಳಲಾಗದೆ, ಸಂಕಲನ ಮುಗಿಸಲಾಗದೆ, 1994ರ ಅಕ್ಟೋಬರ್ 20ರಂದು ಬೊಂದಾರ್ಚುಕ್ ಮಾಸ್ಕೋದಲ್ಲಿ ತೀರಿಕೊಂಡರು. ನಟರೂ ನಿರ್ದೇಶಕರೂ ಆದ ಮಗ ಫ್ಯೋದರ್ ಅದನ್ನು ಮುಗಿಸಿ, 2006ರಲ್ಲಿ ದೂರದರ್ಶನ ಧಾರಾವಾಹಿಯಾಗಿ ತೋರಿಸಿದರು. ಹರಿದು ಜೋಡಿಸಿದ ಆ ಧಾರಾವಾಹಿಯನ್ನು ಅವರ ಕೃತಿಯೆಂದು ಅಳೆಯುವುದು ಸರಿಯಲ್ಲ; ಹುಲ್ಲುಗಾವಲಿನ, ನದಿಯ ಕೆಲವು ವಿಶಾಲ ಶಾಟುಗಳಲ್ಲಿ ಅವರ ಕೈ ಗುರುತಿಸಬಹುದು, ಅಷ್ಟೆ.

ಅವರ ಮುಖ್ಯ ಚಿತ್ರಗಳು ಇಂದು ಸುಲಭವಾಗಿ ಸಿಗುತ್ತವೆ. ‘ಯುದ್ಧ ಮತ್ತು ಶಾಂತಿ’ಯನ್ನು ಮೋಸ್‌ಫಿಲ್ಮ್ ಸ್ಟುಡಿಯೊ ಹೊಸದಾಗಿ ಸಂಸ್ಕರಿಸಿದೆ, ಅದರ ಯೂಟ್ಯೂಬ್ ವಾಹಿನಿಯಲ್ಲೂ ಇದೆ. ಆದರೆ ಬೊಂದಾರ್ಚುಕ್ ಅವರನ್ನು ಹೊಸದಾಗಿ ನೋಡುವವರು ಅಲ್ಲಿಂದ ತೊಡಗಬಾರದೆಂದು ನನ್ನ ಆಗ್ರಹ. ಮೊದಲು ‘ಮನುಷ್ಯನ ವಿಧಿ’ ನೋಡಿ. ಎರಡು ಗಂಟೆಯೂ ಇಲ್ಲದ ಕಪ್ಪು ಬಿಳುಪಿನ ಚಿತ್ರ. ಅದರ ಕೊನೆಯ ಭಾಗದಲ್ಲಿ, ಚಹಾದಂಗಡಿಯ ಬಳಿ ಅಲೆಯುತ್ತಿದ್ದ ಅನಾಥ ಹುಡುಗ ವಾನ್ಯನನ್ನು ಸೊಕೊಲೊವ್ ಲಾರಿಯಲ್ಲಿ ಕೂರಿಸಿಕೊಂಡು, ನಾನು ನಿನ್ನ ಅಪ್ಪ ಎನ್ನುತ್ತಾನೆ. ಹುಡುಗ ಕೊರಳಿಗೆ ಜೋತುಬಿದ್ದು, ನೀನು ನನ್ನನ್ನು ಹುಡುಕಿಕೊಂಡು ಬಂದೇ ಬರುತ್ತೀ ಅಂತ ಗೊತ್ತಿತ್ತು ಎಂದು ಕಿರುಚುತ್ತಾನೆ. ಆಗ ಬೊಂದಾರ್ಚುಕ್ ಹುಡುಗನ ಕಡೆ ನೋಡುವುದಿಲ್ಲ. ಮುಂದಿನ ಗಾಜಿನ ಆಚೆ ರಸ್ತೆಯ ಮೇಲೆ ಕಣ್ಣು ನೆಡಲು ಒದ್ದಾಡುತ್ತಾರೆ. ಈ ಚಿತ್ರವನ್ನು ನೋಡಿದ ಮೇಲೆ ಬೊರೊದಿನೊಗೆ ಹೋಗಿ, ಆ ಹೊಗೆಯ ನಡುವೆ ಯಾರನ್ನು ಹುಡುಕಬೇಕೆಂಬುದು ತಿಳಿದಿರುತ್ತದೆ.